ಕೆಳಗಿಳಿಯದ ಹಕ್ಕಿ

ಗೂಡಿನ ಮೇಲೆ ರೆಕ್ಕೆ ಬಿಚ್ಚಿ ತೇಲುವ ಹಕ್ಕಿಯ ಚಿತ್ರವನ್ನು ಮನಸಾರೆ ಮೆಚ್ಚಿದಿರಲ್ಲ, ಅದು ಕೆಳಗಿಳಿಯದೆ ಏಕೆ ತೇಲುತ್ತಿತ್ತೆಂದು ಒಮ್ಮೆಯಾದರೂ ಕೇಳಿದಿರಾ? ಕೇಳಿಲ್ಲವಾದರೆ ಬೈಜಂತಿಯ ಕಥೆಯನ್ನು ತಿಳಿಯುವುದು ನಿಮ್ಮ ಕರ್ತವ್ಯ.

ಚಂಬಲ್ ನದಿಯ ದಡದಲ್ಲಿ ಅವಳ ಅತ್ತೆಮನೆ. ಅಂಗಳದ ಒಲೆಯ ಮುಂದೆ ಕುಳಿತರೆ ನದಿಯ ನಡುವಿನ ಮರಳಿನ ದಿಬ್ಬ ನಿಚ್ಚಳವಾಗಿ ಕಾಣುತ್ತಿತ್ತು. ಕೊಕ್ಕಿನಿಂದ ನೀರನ್ನು ಸೀಳುತ್ತ ಮೀನು ಹಿಡಿಯುವ ಪಂಚೀರಾ ಹಕ್ಕಿಗಳ ಒಂದು ಜೋಡಿ ಅಲ್ಲಿ ಬರಿಯ ಮರಳಿನ ಮೇಲೆ ಮೊಟ್ಟೆಯಿಟ್ಟಿತ್ತು. ಮೊದಲ ಸಲ ಇಟ್ಟವನ್ನು ನಾಯಿಗಳು ತಿಂದಿದ್ದವು. ಹಾಗಾಗಿ ಈ ಸಲ ಹಕ್ಕಿಗಳು ಮೊಸಳೆಗಳಿರುವ ಮಡುವಿನಾಚೆ ಜಾಗ ಹುಡುಕಿಕೊಂಡಿದ್ದವು. ಮೂರನೆಯ ಸಲಕ್ಕೆ ಮಳೆಗಾಲ ಅವಕಾಶ ಕೊಡುವುದಿಲ್ಲ. ಜ್ಯೇಷ್ಠದ ಬಿಸಿಲಿಗೆ ಮರಳು ಕಾದ ಹಂಚಾದಾಗ ತಾಯಿಹಕ್ಕಿ ಹೊಟ್ಟೆಯ ಗರಿಗಳನ್ನು ನದಿಯಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತಿತ್ತು. ಬೈಜಂತಿ ರೊಟ್ಟಿ ತಟ್ಟುತ್ತ ದಿನವೂ ಅದನ್ನು ನೋಡುತ್ತಿದ್ದಳು. ಮರಿಗಳು ಹೊರಬರುವ ಗಳಿಗೆಗಾಗಿ ಕಾಯುತ್ತಿದ್ದಳು.

ನಾಯಿ ಬಾರದ ಜಾಗಕ್ಕೆ ದೋಣಿ ಬಂದಿತು. ಹುಟ್ಟು ಹಿಡಿದವನು ಅವಳ ಗಂಡನ ಅಣ್ಣ ಹರಬಿಲಾಸ. ದೋಣಿಯಲ್ಲಿದ್ದವರು ದೆಹಲಿಯಿಂದ ಹಕ್ಕಿ ನೋಡಲು ಬಂದು ಅವರ ಮನೆಯಲ್ಲೇ ತಂಗಿದ್ದ ದಂಪತಿ. ತಾಯಿಹಕ್ಕಿ ಕಿರುಚುತ್ತ ಮೇಲೆಯೇ ಸುತ್ತತೊಡಗಿತು.

“ಅತ್ತೆ, ಭಾವನವ್ರು ದಿಬ್ಬದ ಅಂಚಲ್ಲೇ ದೋಣಿ ನಿಲ್ಲಿಸವ್ರೆ. ಮೊಟ್ಟೆ ಬೆಂದ್ಹೋಗ್ತವೆ. ನೀವೊಂದು ಕೂಗು ಹಾಕಿ.”

ಕಟೋರಿ ಎಂಬ ಹೆಸರಿನ ಆ ಅತ್ತೆ ಆರಿಸುತ್ತಿದ್ದ ಬೇಳೆಯಿಂದ ತಲೆಯೆತ್ತಲಿಲ್ಲ. “ಮನೆಗೆ ಬಂದ ಅತಿಥಿಗಳನ್ನ ದನ ಅಟ್ಟಿದಂಗೆ ಅಟ್ಟಲಾ? ಆ ಹಕ್ಕಿ ಏನು, ನಿನ್ನ ತವರಿನ ಕಡೇದಾ?”

“ತವರಿನವ್ರಾಗಿದ್ರೆ ಊಟದ ಹೊತ್ತಿಗೆ ಕೆಳಗಿಳೀತಿದ್ರು ಬಿಡಿ.”

“ನಾಲಿಗೆ ಏನೋ ತೆಳ್ಳಗಿದೆ. ರೊಟ್ಟಿ ನೋಡು, ಹಲಗೆ.”

ನೀರಿನ ಮೇಲಿಂದ ಮಾತು ತೇಲಿಬಂತು.

“ಸಾಕು ಬನ್ನಿ, ಪಾಪ, ಅದು ಗೂಡಿಗೆ ಬರ್ಬೇಕು,” ಎಂದಳು ಹೆಂಡತಿ.

“ನಂಗೂ ಗೊತ್ತು ಕಣೆ. ಬಿಸಿಲಿಗೆ ರೆಕ್ಕೆ ತಿರುಗಿಸ್ಲಿ, ಇನ್ನೊಂದೇ ಒಂದು ಫೋಟೋ.”

“ನಿಮ್ಮಿಷ್ಟ ಸಾಹೇಬ್ರೆ,” ಎಂದ ಹರಬಿಲಾಸ.

ಅರಿಯದೆ ಮಾಡಿದ ತಪ್ಪಿಗೆ ಕ್ಷಮೆಯುಂಟು. ಆ ದೋಣಿಯಲ್ಲಿ ಅರಿಯದವರು ಒಬ್ಬರೂ ಇರಲಿಲ್ಲ.

ಆ ಮನೆತನದಲ್ಲಿ ತಮ್ಮನ ಹೆಂಡತಿ ಭಾವನಿಗೆ ಮುಖ ತೋರಿಸುವಂತಿಲ್ಲ, ನೇರವಾಗಿ ಮಾತಾಡುವಂತಿಲ್ಲ. ಗಂಡ ಸಂತೆಗೆ ಹೋದ ದಿನಗಳಲ್ಲಿ ಅವಳು “ಅಡುಗೆ ಆಗಿದೆ ಅಂತ ಹೇಳೇ” ಎಂದು ಮೇಕೆಗೆ ಹೇಳುತ್ತಿದ್ದಳು. “ಬಂದೆ ಅನ್ನೇ” ಎಂದು ಭಾವನೂ ಅದೇ ಮೇಕೆಗೆ ಉತ್ತರಿಸುತ್ತಿದ್ದ. ಇಂದೂ ಗಂಡ ಸಂತೆಯಲ್ಲಿದ್ದ. ನದಿಯ ನಡುವೆ ಮಾತ್ರ ಮೇಕೆಯಿರಲಿಲ್ಲ.

ಬೈಜಂತಿ ಹಿಟ್ಟಿನ ಕೈಯಲ್ಲೇ ದಡಕ್ಕೆ ಓಡಿದಳು. ಸೆರಗು ತಲೆಯಿಂದ ಜಾರಿತು.

“ಭಾವನವ್ರೆ, ದೋಣಿ ತಿರುಗಿಸಿ.”

ಹರಬಿಲಾಸ ಬೆಚ್ಚಿ ನೋಡಿದ. ಕೂಡಲೇ, ಮರ್ಯಾದಸ್ಥನಾದವನು ಮಾಡಬೇಕಾದಂತೆ, ದಡಕ್ಕೆ ಬೆನ್ನು ಮಾಡಿ ತಲೆ ತಗ್ಗಿಸಿದ. ಅವಳು ಮತ್ತೆ ಕೂಗಿದಳು. ಅವನ ಬೆನ್ನು ಇನ್ನಷ್ಟು ಬಾಗಿತು.

“ಯಾರೋ ಕರೀತಿದಾರಲ್ಲ, ಭಯ್ಯಾ?”

“ನಮ್ಮನೆ ಹೆಣ್ಮಕ್ಕಳು. ಅತ್ಲಾಗೆ ನೋಡ್ಬೇಡಿ ಸಾಹೇಬ್ರೆ. ಅವರು ಒಳಗೆ ಹೋಗ್ಲಿ, ಆಮೇಲೆ ಹೊರಡೋಣ.”

ಆಗ ಅವಳಿಗೆ ಅರ್ಥವಾಯಿತು. ತಾನು ದಡದಲ್ಲಿ ನಿಂತಿರುವವರೆಗೂ ಅವನು ಹುಟ್ಟು ಮುಟ್ಟುವವನಲ್ಲ. ತಾನು ಕೂಗಿದಷ್ಟೂ ಹೊತ್ತು ಮೊಟ್ಟೆಗಳು ಬಿಸಿಲಿನಲ್ಲೇ ಉಳಿದಿದ್ದವು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಮನೆಯೊಳಗೆ ಓಡಿ ಬಾಗಿಲಿನ ಹಿಂದೆ ನಿಂತಳು. ದೋಣಿ ಹೊರಟ ಸದ್ದು ಕೇಳಿಸಿತು.

ಊಟಕ್ಕೆ ಕುಳಿತ ಸಾಹೇಬರು ಚಿತ್ರ ಬಹಳ ಚೆನ್ನಾಗಿ ಬಂದಿದೆ ಎಂದರು. ಕಟೋರಿ ಅವರಿಗೆ ಇನ್ನೊಂದು ರೊಟ್ಟಿ ಬಡಿಸಿದಳು.

ತಾಯಿಹಕ್ಕಿ ಗೂಡಿಗೆ ಮರಳಿತು. ಮರುದಿನವೂ ಹೊಟ್ಟೆ ನೆನೆಸಿಕೊಂಡು ಬಂದು ಕೂತಿತು; ಅದರ ಮರುದಿನವೂ. ಮರಿಗಳು ಬರುವ ಕಾಲ ಕಳೆದು ಹೋಯಿತು. ಒಡೆಯದ ಆ ಮೊಟ್ಟೆಗಳಿಗೆ ಅದು ನೀರು ಹೊತ್ತು ತರುವುದನ್ನು ಬೈಜಂತಿ ದಿನವೂ ನೋಡಬೇಕಾಯಿತು. ಒಲೆ ಅಲ್ಲಿಯೇ ಇತ್ತು, ಕುಳಿತುಕೊಳ್ಳಲು ಬೇರೆ ಜಾಗವಿರಲಿಲ್ಲ. ಕೊನೆಗೆ ಮೊದಲ ಮಳೆಗೆ ಏರಿದ ನದಿ ದಿಬ್ಬವನ್ನು ಮುಳುಗಿಸಿತು.

ಆದುದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ಬರುವ ಬೇಸಿಗೆಯಲ್ಲಿ ಯಾವ ನದಿಯ ಮೇಲಾದರೂ ಹಕ್ಕಿಯೊಂದು ಕೂಗುತ್ತ ನಿಮ್ಮ ತಲೆಯ ಮೇಲೆ ಸುತ್ತಿದರೆ, ದಡದಿಂದ ಯಾರಾದರೂ ಎಚ್ಚರಿಸಲಿ ಎಂದು ಕಾಯಬೇಡಿ; ಅವರ ಬಾಯಿ ಕಟ್ಟಿರಬಹುದು. ದೋಣಿ ತಿರುಗಿಸು ಎಂದು ದಯವಿಟ್ಟು ನೀವೇ ಹೇಳಿ.