ಕಾಲು ಗಂಟೆಯ ಹಾದಿ

ಹೇಳಿಬಿಡಲೇ, ಅಥವಾ ಇಷ್ಟು ವರ್ಷ ಸುಮ್ಮನಿದ್ದವನು ಈಗಲೂ ಸುಮ್ಮನಿದ್ದುಬಿಡಲೇ? ಸಾಯಲಿರುವವನ ಮುಂದೆ ನಿಜ ಹೇಳಿದರೆ ಹಗುರಾಗುವುದು ಯಾರ ಎದೆ, ಅವನದೋ ನನ್ನದೋ?

ಇದನ್ನೇ ಯೋಚಿಸುತ್ತ ಸಿವೆರ್ಟ್ ವಿಮಾನದ ಕಿಟಕಿಗೆ ಹಣೆ ಒತ್ತಿ ಕುಳಿತಿದ್ದ. ಕೆಳಗೆ ಬಿಳಿಯ ಬೋಳುಗುಡ್ಡಗಳು, ಅಂಚಿಗೆ ಕಪ್ಪು ಕಡಲು. ತಾನಿರುವ ವಾರ್ಡೊದಿಂದ ಅಣ್ಣನ ಊರು ಬೋಟ್ಸ್‌ಫ್ಯೂರ್‌ಗೆ ಆಕಾಶದಲ್ಲಿ ಅರವತ್ತು ಚಿಲ್ಲರೆ ಕಿಲೋಮೀಟರ್. ಪುಟ್ಟ ವಿಮಾನಕ್ಕೆ ಕಾಲು ಗಂಟೆ. ಕಾರಿನಲ್ಲಾದರೆ ಒಳನಾಡನ್ನೆಲ್ಲ ಬಳಸಿ ಅರ್ಧ ದಿನ, ಅದೂ ಹಿಮ ತಳ್ಳುವ ಗಾಡಿ ಮುಂದೆ ಹೋದರೆ. ಬಾಯಿಗೆ ಹಾಕಿಕೊಂಡ ಮಿಠಾಯಿ ಕರಗುವುದರೊಳಗೆ ವಿಮಾನ ಇಳಿಯತೊಡಗಿತು.

ಹನ್ನೊಂದು ವರ್ಷದ ಹಿಂದೆ ಈ ಕಾಲು ಗಂಟೆಯನ್ನೇ ಅವನು ದಾಟಿರಲಿಲ್ಲ. ತಾಯಿಯನ್ನು ಮಣ್ಣು ಮಾಡುವ ದಿನ ಅಣ್ಣ ಓಡ್‌ಮುಂಡನಿಗೆ ಫೋನ್ ಮಾಡಿ, ಗಾಳಿ ಜೋರು, ವಿಮಾನ ಹೊರಡಲಿಲ್ಲ ಎಂದಿದ್ದ. ಆ ಕರಾವಳಿಯಲ್ಲಿ ಗಾಳಿ ಎಂದರೆ ಮುಗಿಯಿತು, ಎರಡನೆಯ ಪ್ರಶ್ನೆ ಯಾರೂ ಕೇಳುವುದಿಲ್ಲ. ಮದುವೆಗಳು, ಆಪರೇಷನ್ನುಗಳು ಗಾಳಿಗೆ ತಪ್ಪಿದ್ದುಂಟು. ಓಡ್‌ಮುಂಡನೂ ಕೇಳಲಿಲ್ಲ. ಆದರೆ ಆ ದಿನ ವಿಮಾನ ಹೊರಟಿತ್ತು.

ಅಲ್ಲಿಂದೀಚೆಗೆ ಸಿವೆರ್ಟ್ ಬೋಟ್ಸ್‌ಫ್ಯೂರ್‌ಗೆ ಕಾಲಿಟ್ಟಿರಲಿಲ್ಲ. ಕ್ರಿಸ್‌ಮಸ್ಸಿಗೊಂದು ಫೋನ್, ಹುಟ್ಟುಹಬ್ಬಕ್ಕೊಂದು ಫೋನ್, ಅಷ್ಟೆ. ಹೋದ ವಾರ ಅತ್ತಿಗೆ ಗುನ್‌ವೊರ್ ಕರೆ ಮಾಡಿದಳು. ಆಸ್ಪತ್ರೆಯವರು ಕೈಚೆಲ್ಲಿ ಓಡ್‌ಮುಂಡನನ್ನು ಮನೆಗೆ ಕಳಿಸಿದ್ದಾರೆ, ನೋಡುವುದಿದ್ದರೆ ಈಗಲೇ ಬಾ ಎಂದಳು.

ಅಡುಗೆಮನೆಯ ಕಿಟಕಿಯ ಬಳಿ ಅಣ್ಣನಿಗೆ ಮಂಚ ಹಾಕಿದ್ದರು. ಕಾಡ್ ಎಂಬ ದೊಡ್ಡ ಕಡಲಮೀನನ್ನು ಒಂದೇ ಏಟಿಗೆ ಸೀಳುತ್ತಿದ್ದ ಕೈ ಈಗ ಲೋಟ ಹಿಡಿಯಲಾರದೆ ಹೊದಿಕೆಯ ಮೇಲೆ ಬಿದ್ದಿತ್ತು.

“ಬಂದ್ಯಾ? ತಲೆ ಪೂರ್ತಿ ಬೋಳಾಗಿದೆಯಲ್ಲೋ. ಎಲ್ಲಾ ಗಾಳಿಗೆ ಹಾರಿಹೋಯ್ತಾ?” ಎಂದ ಓಡ್‌ಮುಂಡ್.

ಸಿವೆರ್ಟನಿಗೆ ನಗು ಬರಲಿಲ್ಲ. ಗುನ್‌ವೊರ್ ಕಾಫಿಯನ್ನೂ ಕಂದು ಚೀಸ್ ಇಟ್ಟ ವಾಫಲ್ ರೊಟ್ಟಿಯನ್ನೂ ಕೊಟ್ಟು, ಅಂಗಡಿಗೆ ಹೋಗಿಬರುತ್ತೇನೆಂದು ಹೊರಟಳು. ಸಿವೆರ್ಟ್ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ.

“ಅಣ್ಣಾ, ಅಮ್ಮನ್ನ ಮಣ್ಣು ಮಾಡಿದ ದಿನ...”

“ಗೊತ್ತು ಕಣೋ. ನಿನ್ನ ಕರ್ಕೊಂಡು ಬರೋಕೆ ಏರ್‌ಪೋರ್ಟ್‌ಗೆ ಹೋಗಿದ್ದೆ. ಫೋನಲ್ಲಿ ನಿನ್ನ ಮಾತು ಕೇಳ್ತಿದ್ದ ಹಾಗೇ ವಿಮಾನ ಕಣ್ಮುಂದೆ ಇಳೀತು.”

ಓಡ್‌ಮುಂಡ್ ನಿಧಾನವಾಗಿ, ಉಸಿರು ಹಿಡಿದು ಹಿಡಿದು ಹೇಳಿದ. ಚರ್ಚಿಗೆ ವಾಪಸ್ ಹೋಗಿ, ಗಾಳಿಗೆ ವಿಮಾನ ನಿಂತಿದೆ ಎಂದು ತಾನೇ ಎಲ್ಲರಿಗೂ ಸಾರಿದ್ದನಂತೆ. ಪಾದ್ರಿ ತಲೆಯಾಡಿಸಿದರಂತೆ. ಗುನ್‌ವೊರ್ ಇಂದಿಗೂ ಅದನ್ನೇ ನಂಬಿದ್ದಾಳಂತೆ.

“ಯಾಕೆ ಹಂಗೆ ಹೇಳ್ದೆ?”

“ಇನ್ನೇನು ಹೇಳ್ಲಿ? ನನ್ನ ತಮ್ಮಂಗೆ ಬರೋ ಮನಸ್ಸಿಲ್ಲ ಅಂತ್ಲಾ?” ಓಡ್‌ಮುಂಡ್ ಕಣ್ಣು ಮುಚ್ಚಿದ. “ಯಾಕೆ ಬರ್ಲಿಲ್ಲ ಅಂತ ನಾನು ಕೇಳಲ್ಲ. ನನ್ನ ದಿನ ಮಾತ್ರ ತಪ್ಪಿಸ್ಬೇಡ. ಇನ್ನೊಂದ್ಸಲ ಸುಳ್ಳು ಹೇಳೋಕೆ ನಾನಿರಲ್ಲ.”

ತಪ್ಪಿಸುವುದಿಲ್ಲ ಎಂದ ಸಿವೆರ್ಟ್.

ವಾರ್ಡೊಗೆ ಮರಳುವ ಮರುದಿನದ ವಿಮಾನಕ್ಕೆ ಅವನು ಹೋಗಲಿಲ್ಲ, ಅದರ ಮರುದಿನದ್ದಕ್ಕೂ ಹೋಗಲಿಲ್ಲ. ಅಣ್ಣನಿಗೂ ತನಗೂ ನಡುವೆ ಆ ಕಾಲು ಗಂಟೆಯ ಹಾದಿಯನ್ನೂ ಬಿಡುವ ಧೈರ್ಯ ಅವನಿಗಿರಲಿಲ್ಲ. ಅಣ್ಣನ ಮುಖ ತೊಳೆದ, ದಿಂಬು ಸರಿಮಾಡಿದ, ಮೀನಿನ ಸಾರನ್ನು ಚಮಚದಲ್ಲಿ ಕುಡಿಸಿದ. ಹಿಮ ಕರಗುವ ಮೊದಲೇ ಓಡ್‌ಮುಂಡ್ ಹೋದ. ಶವಪೆಟ್ಟಿಗೆಯ ಮುಂದಿನ ಹಿಡಿಕೆ ಹಿಡಿದು ಸಿವೆರ್ಟ್ ನಡೆದ.

ಅಮ್ಮನನ್ನು ಮಣ್ಣು ಮಾಡಿದ ದಿನ ತಾನು ಕಪ್ಪು ಕೋಟು ತೊಟ್ಟು ವಾರ್ಡೊ ವಿಮಾನ ನಿಲ್ದಾಣದವರೆಗೂ ಬಂದು ಕುಳಿತಿದ್ದೆನೆಂದೂ, ಹೆಸರು ಕೂಗಿದಾಗ ಏಳಲಾಗಲಿಲ್ಲವೆಂದೂ, ಪೆಟ್ಟಿಗೆಯಲ್ಲಿ ಅಮ್ಮನನ್ನು ನೋಡಲು ಹೆದರಿದ್ದೆನೆಂದೂ ಅವನು ಅಣ್ಣನಿಗೆ ಹೇಳಲೇ ಇಲ್ಲ.