ಬೇರೆ ಕಂಪನಿಯ ಪ್ರೋಬ್

"ಕೂತ್ಕೊಳ್ತಲ್ಲಮ್ಮಾ, ಇನ್ನೇನು ಅನುಮಾನ?" ಎಂದರು ಸೂಪರ್‌ವೈಸರ್ ಆದಿನಾರಾಯಣಪ್ಪ.

ಕೂತಿತ್ತು, ನಿಜ. ಬೋರ್ಡಿಗೆ ಮುಟ್ಟಿಸಿ ಅಳೆಯುವ ಪ್ರೋಬಿನ ಕೇಬಲ್ಲು, ವಿದ್ಯುತ್ತನ್ನು ಪರದೆಯಲ್ಲಿ ಅಲೆಯಾಗಿ ತೋರಿಸುವ ಆಸಿಲೋಸ್ಕೋಪಿನ ಬಾಯಿಗೆ ಟಕ್ಕೆಂದು ಸೇರಿತ್ತು. ಆದರೆ ಪ್ರೋಬ್ ಒಂದು ಕಂಪನಿಯದು, ಆಸಿಲೋಸ್ಕೋಪ್ ಇನ್ನೊಂದರದು. ತನ್ನದೇ ಕಂಪನಿಯ ಯಂತ್ರದಿಂದ ವಿದ್ಯುತ್ ಪಡೆದು ಕೆಲಸ ಮಾಡುವ ಪ್ರೋಬ್ ಅದು. ಆ ಯಂತ್ರ ರಿಪೇರಿಗೆ ಹೋಗಿತ್ತು. ಈ ಯಂತ್ರ ಅದಕ್ಕೇನೂ ಕೊಡುವುದಿಲ್ಲ. ಅನುಸೂಯ ಬೆಳಿಗ್ಗೆ ಬಂದವಳೇ ಪಕ್ಕದಲ್ಲಿ ಬೇರೊಂದು ಪವರ್ ಸಪ್ಲೈ ಇಟ್ಟು, ವೈರು ಎಳೆದು ಜೋಡಿಸಿದ್ದಳು.

ಪರದೆಯ ಮೇಲೆ ಹಸಿರು ಅಲೆ ಎದ್ದು ನಿಂತಿತು.

"ಅನುಮಾನ ಇಲ್ಲ ಸಾರ್."

ಇತ್ತು. ಏನೆಂದು ಗೊತ್ತಿರಲಿಲ್ಲ. ಹೊಸಕೋಟೆಯ ಈ ಕಾರ್ಖಾನೆಗೆ ಸೇರಿದಾಗಿನಿಂದ ಅದು ಹೊಟ್ಟೆಯೊಳಗೆ ಹೀಗೇ ಇತ್ತು, ನುಂಗಿದ ಅಂಗಿಗುಂಡಿಯ ಹಾಗೆ. ಟೆಸ್ಟಿಂಗ್ ವಿಭಾಗದಲ್ಲಿ ಅವಳೊಬ್ಬಳೇ ಹೆಂಗಸು. ಇನ್ನೂ ಖಾಯಂ ಆಗಿರಲಿಲ್ಲ. "ಯುಗಾದಿ ಹೊತ್ಗೆ ಆಗ್ದಿದ್ರೆ ಬಿಟ್ಬಿಡು" ಎಂದಿದ್ದ ಗಂಡ, ಬಗ್ಗಿ ಬೂಟಿನ ಲಾಡಿ ಕಟ್ಟುತ್ತ.

ಅವಳು ಪರೀಕ್ಷಿಸುತ್ತಿದ್ದದ್ದು ರೈಲ್ವೆ ಸಿಗ್ನಲ್ಲಿಗೆ ಹೋಗುವ ಸರ್ಕ್ಯೂಟ್ ಬೋರ್ಡುಗಳು. ಪರದೆಯ ಗಾಜಿನ ಮೇಲೆ ಕೆಂಪು ಪೆನ್ಸಿಲಿನ ಗೆರೆ. ಅಲೆ ಗೆರೆ ಮುಟ್ಟಿದರೆ ಪಾಸು. ಹೋದ ವಾರ ಅರ್ಧಕ್ಕರ್ಧ ಮುಟ್ಟಿರಲಿಲ್ಲ. ಇವತ್ತು ಎಲ್ಲವೂ ಗೆರೆ ದಾಟಿ ಮೇಲೆ ಹೋದವು.

"ಏನಕ್ಕಾ, ಮಂತ್ರ ಗಿಂತ್ರ ಹಾಕಿದ್ರಾ?" ಪ್ಯಾಕಿಂಗಿನ ಸಂಜೀವಪ್ಪ ನಗುತ್ತ ಬೋರ್ಡುಗಳನ್ನು ಎತ್ತಿಕೊಂಡ. "ಒಂದೂ ವಾಪಸ್ ಬರ್ಲಿಲ್ಲ!"

"ಬೇರೆ ಆಸಿಲೋಸ್ಕೋಪು."

"ಹಂಗಾರೆ ಇಷ್ಟು ದಿನ ಹಳೇದು ಸುಳ್ಳು ಹೇಳ್ತಿತ್ತು ಅನ್ನಿ."

ಅವಳೂ ನಕ್ಕಳು. ನಕ್ಕ ಮೇಲೆ ಕೆಂಪು ಗೆರೆಯನ್ನು ಇನ್ನೊಮ್ಮೆ ನೋಡಿದಳು.

ಮದುವೆಯಾದ ಹೊಸದರಲ್ಲಿ ಅತ್ತೆ ಮುನಿಗಂಗಮ್ಮ ಬಾಗಿಲಲ್ಲಿ ಯಾರಿಗೋ ಹೇಳುತ್ತಿದ್ದರು: "ದೊಡ್ಡಬಳ್ಳಾಪುರದೋಳು, ಮಗ್ಗದ ಮನೆ ಹುಡ್ಗಿ. ಆದ್ರೂ ಹೆಂಗ್ ಹೊಂದ್ಕೊಂಡ್ಬಿಟ್ಳು ನೋಡು." ಒಳಗೆ ಅನುಸೂಯ ತುಂಬಿದ ಬಿಂದಿಗೆ ಸೊಂಟದ ಮೇಲಿಟ್ಟುಕೊಂಡು ಕೇಳುತ್ತ ನಿಂತಿದ್ದಳು. ಕೆಳಗಿಡಲು ಮರೆತಿದ್ದಳು.

ಸಂಜೆ ಆದಿನಾರಾಯಣಪ್ಪ ಮತ್ತೆ ಬಂದರು. "ನಿಮ್ಮನ್ನ ಖಾಯಂ ಮಾಡೋಕೆ ಮೇಲೆ ಹೇಳಿದೀನಿ ಕಣಮ್ಮಾ. ಬೋರ್ಡುಗಳ ಲಾರಿ ಇವತ್ತೇ ಹೊರಡ್ತಿದೆ."

ಅವರು ಹೋದ ಮೇಲೆ ಪ್ರೋಬನ್ನು ಎತ್ತಿಡಲು ಅದರ ಪೆಟ್ಟಿಗೆ ತೆರೆದಳು. ಸ್ಪಂಜಿನ ಮೂಲೆಯಲ್ಲಿ, ತನ್ನ ಗುಳಿಯಲ್ಲಿ, ಹೆಬ್ಬೆರಳಿನಷ್ಟು ಲೋಹದ ತುಂಡೊಂದು ಹೊಳೆಯುತ್ತ ಮಲಗಿತ್ತು. ಐವತ್ತು ಓಮ್‌ನ ಟರ್ಮಿನೇಟರ್. ಪ್ರೋಬಿನ ಸ್ವಂತ ಯಂತ್ರದಲ್ಲಿ ಅದು ಒಳಗೇ ಇರುತ್ತದೆ. ಬೇರೆಯವರ ಯಂತ್ರಕ್ಕೆ ಸೇರಿಸುವಾಗ ನಡುವೆ ಹಾಕಬೇಕು. ಹಾಕದಿದ್ದರೆ ಅಲೆ ಇದ್ದದ್ದಕ್ಕಿಂತ ಎರಡರಷ್ಟು ಎತ್ತರ ಕಾಣುತ್ತದೆ.

ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅಂಗಳಕ್ಕೆ ಬಂದಳು. ಸಂಜೀವಪ್ಪ ಲಾರಿಗೆ ಹಗ್ಗ ಬಿಗಿಯುತ್ತಿದ್ದ, ಆದಿನಾರಾಯಣಪ್ಪ ಪಕ್ಕದಲ್ಲಿ ನಿಂತಿದ್ದರು.

"ಸಾರ್, ಒಂದ್ಸಲ ಮತ್ತೆ ನೋಡ್ಬೋದಿತ್ತು."

"ಏನನ್ನ?" ಆದಿನಾರಾಯಣಪ್ಪ ಅವಳ ಮುಖ ನೋಡಲಿಲ್ಲ. ಅವಳ ಮುಷ್ಟಿ ನೋಡಿದರು. "ಚೆನ್ನಾಗಿರೋದನ್ನ ಯಾಕಮ್ಮಾ ಕೆದಕ್ತೀರಾ?"

"ಸುಮ್ನೆ ಸಾರ್."

"ಕೈಲೇನು?"

"ಏನಿಲ್ಲ."

"ಮನೇಗ್ ಹೊರಡಿ. ಕತ್ತಲಾಗ್ತದೆ."

ಅವರಿಗೆ ಗೊತ್ತಿದೆಯೆ? ಬೆಳಿಗ್ಗೆಯೇ ಗೊತ್ತಿತ್ತೆ? ಕೇಳುವ ಧೈರ್ಯ ಬರಲಿಲ್ಲ. ವಾಪಸ್ ಒಳಗೆ ಬಂದಳು.

ಮೇಜಿನ ಮೇಲೆ ಮಾದರಿಗೆಂದು ಉಳಿಸಿಕೊಂಡ ಒಂದು ಬೋರ್ಡಿತ್ತು. ಟರ್ಮಿನೇಟರ್ ಸಿಕ್ಕಿಸಿ ಪ್ರೋಬ್ ಮುಟ್ಟಿಸಿದಳು. ಅಲೆ ಕೆಂಪು ಗೆರೆಯ ಕೆಳಗೆ, ಬಹಳ ಕೆಳಗೆ ನಿಂತಿತು. ಎಲ್ಲೋ ರೈಲು ನಿಲ್ಲಿಸುವ ಸಿಗ್ನಲ್ಲಿನ ಒಂದು ಕೈಕಂಬ ಏಳಬೇಕಾದಾಗ ಏಳದೆ ಉಳಿಯುವುದು ಕಣ್ಣಿಗೆ ಕಟ್ಟಿತು. ರೈಲಿನೊಳಗೆ ಕಿಟಕಿಗೆ ತಲೆ ಆನಿಸಿ ಮಲಗಿದವರು.

ಹೊರಗೆ ಲಾರಿ ಗುರುಗುಟ್ಟಿ ಚಾಲೂ ಆಯಿತು. ಓಡಿದರೆ ಗೇಟಿನಲ್ಲಿ ಸಿಗುತ್ತಿತ್ತು. ಅವಳು ಓಡಲಿಲ್ಲ.

ಪ್ರೋಬಿನ ತುದಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಮೈಯ ಸ್ಥಾಯೀ ವಿದ್ಯುತ್ತಿಗೆ ಪ್ರೋಬೇ ಸುಟ್ಟುಹೋಗುತ್ತದೆ ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ಅನುಸೂಯ ತುದಿಗೆ ಬೆರಳಿಟ್ಟಳು.

ಪರದೆಯಲ್ಲಿ ಅಲೆಯೊಂದು ಎದ್ದು ಏರಿಳಿಯತೊಡಗಿತು. ಎದೆ ಇಷ್ಟು ಹೊಡೆದುಕೊಳ್ಳುತ್ತಿದ್ದರೂ ಅದರಲ್ಲಿ ಅವಳ ಎದೆಬಡಿತ ಇರಲಿಲ್ಲ. ಗೋಡೆಯೊಳಗಿನ ತಂತಿಗಳು, ಮೇಲಿನ ಟ್ಯೂಬ್‌ಲೈಟು, ಯಾರದೋ ಕರೆಂಟು ಅವಳ ಮೈ ಹಾದು ಬಂದು ಅಲ್ಲಿ ಕುಣಿಯುತ್ತಿತ್ತು. ಲಾರಿಗಾಗಿ ಗೇಟು ಕಿರುಗುಟ್ಟಿ ತೆರೆಯಿತು. ಅವಳು ಬೆರಳು ತೆಗೆಯಲಿಲ್ಲ. ತೆಗೆದರೆ ಅಲ್ಲಿ ಅಲೆಯಿಲ್ಲದ ಬರಿಯ ಗೆರೆ ಉಳಿಯುತ್ತದೆಂದು ಗೊತ್ತಿತ್ತು.