ಎಲ್ವುಡ್‌ನ ಗೀರಮ್ಮ

ಗಂಡನ ನಾಣ್ಯವನ್ನು ಕೈಯಾರೆ ಹಾಳುಮಾಡಲು ಆರ್ಡಿತ್‌ಗೆ ಇನ್ನು ಎರಡೇ ನಿಮಿಷ ಬಾಕಿಯಿತ್ತು. ರೆಡಿಂಗ್ ಊರಿನ ಮನೆಯ ನೆಲಮಾಳಿಗೆಯಲ್ಲಿ ಪಾಲಿಶ್ ಚಕ್ರ ತಿರುಗುತ್ತಿತ್ತು. ಬೀಗದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅರ ಹಿಡಿದು ಕೀಲಿಕೈ ತೀಡಿದವಳು ಅವಳು. ಹೇಗೂ ಕೆಟ್ಟಿರುವ ನಾಣ್ಯ, ಗೀರು ತೆಗೆದು ಮಾರಿದರೆ ನಾಲ್ಕು ಕಾಸು ಹೆಚ್ಚು ಬಂದೀತು ಎಂದುಕೊಂಡಿದ್ದಳು. ಎಲ್ಲಿಂದ ಉಜ್ಜಲಿ ಎಂದು ಭೂತಗನ್ನಡಿ ಹಿಡಿದು ನೋಡಿದಳು. ನೋಡಿದವಳೇ ಚಕ್ರ ನಿಲ್ಲಿಸಿದಳು.

ಅದು 1795ರ ಬೆಳ್ಳಿ ಡಾಲರ್, ಕೂದಲು ಹರಡಿಕೊಂಡ ಸ್ವಾತಂತ್ರ್ಯದೇವಿಯ ಮುಖದ್ದು. ಹನ್ನೊಂದು ವರ್ಷದ ಹಿಂದೆ ಅವಳ ಗಂಡ ಎಲ್ವುಡ್ ತನ್ನ ಮುದ್ದಿನ ಮೋಟಾರ್‌ಸೈಕಲ್ ಮಾರಿ ಅದನ್ನು ತಂದಿದ್ದ. ಊರಿನ ನಾಣ್ಯ ಸಂಘದಲ್ಲಿ ಬೆಲೆಯ ವಿಷಯಕ್ಕೆ ವ್ಯಾಪಾರಿ ಮರ್ವಿನ್ ಹೇಳಿದ್ದೇ ವೇದವಾಕ್ಯ. ಅವನು ಮೇಜಿನಾಚೆಯಿಂದಲೇ ನೋಡಿ, "ಏನೋ ಎಲ್ವುಡ್, ನಿನ್ನ ದೇವಿ ಬೆಕ್ಕಿನ ಜೊತೆ ಜಗಳಕ್ಕೆ ಹೋಗಿದ್ಲಾ? ಗೀರಮ್ಮ!" ಎಂದುಬಿಟ್ಟ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಎಲ್ಲರೂ ನಕ್ಕರು. ಗೀರು ಬಿದ್ದ ನಾಣ್ಯಕ್ಕೆ ಅರ್ಧ ಬೆಲೆಯೂ ಹುಟ್ಟುವುದಿಲ್ಲ. ಅಂದಿನಿಂದ ಎಲ್ವುಡ್ ಸಂಘದಲ್ಲಿ ಮೋಸಹೋದ ಪೆದ್ದನೇ ಆಗಿ ಉಳಿದ.

ಮನೆಯಲ್ಲಿ ಆರ್ಡಿತ್ ಏನು ಕಡಿಮೆಯೇ? "ನಿನ್ನ ಗೀರಮ್ಮಂಗೂ ಒಂದು ತಟ್ಟೆ ಇಡ್ಲಾ?" ಎಂದು ಕೆಣಕುವಳು. "ಕೊಡು ಇಲ್ಲಿ, ಹತ್ತು ನಿಮಿಷದಲ್ಲಿ ಫಳಫಳ ಅನ್ನಿಸ್ತೀನಿ."

"ಉಜ್ಜಿದ ಹಳೇ ನಾಣ್ಯ ಯಾರೂ ಕೊಳ್ಳಲ್ಲ, ಅದು ಸತ್ತೇ ಹೋಗುತ್ತೆ ಕಣೆ" ಎಂದು ಅವನು ನಾಣ್ಯವನ್ನು ಮತ್ತೆ ಪುಟ್ಟ ಕಾಗದದ ಲಕೋಟೆಗೆ ಸೇರಿಸುವನು. ಈ ಮಾರ್ಚ್ ತಿಂಗಳಲ್ಲಿ ಅವನೇ ತೀರಿಹೋದ.

ಈಗ ಅವಳಿಗೆ ಕಂಡದ್ದು ಗೀರಲ್ಲ, ಅರದ ಹಲ್ಲು. ಒಂದೇ ಅಂತರದ, ಒಂದೇ ದಿಕ್ಕಿನ ಸಾಲುಗಳು. ಅವು ಕೂದಲ ಸುರುಳಿಯ ಬುಡದ ತಗ್ಗಿನವರೆಗೂ ಹೋಗಿದ್ದವು. ಸುರುಳಿ ಮಾತ್ರ ಅವುಗಳ ಮೇಲೆ ಇಡಿಯಾಗಿ ಎದ್ದು ನಿಂತಿತ್ತು. ಚಪ್ಪಟೆ ಅರ ಉಬ್ಬನ್ನು ಬಿಟ್ಟು ತಗ್ಗನ್ನು ಮುಟ್ಟಲಾರದು. ಅಂದರೆ ಅರ ಮೊದಲು, ಅಚ್ಚು ಆಮೇಲೆ! ಆ ರಾತ್ರಿಯೆಲ್ಲ ಎಲ್ವುಡ್‌ನ ಪುಸ್ತಕಗಳನ್ನು ತಡಕಿದಳು. ಆಗಿನ ಟಂಕಸಾಲೆಯಲ್ಲಿ ತೂಕ ಹೆಚ್ಚಾದ ಬೆಳ್ಳಿ ಬಿಲ್ಲೆಯನ್ನು ಅರದಿಂದ ತೀಡಿ, ತೂಕ ಸರಿಮಾಡಿ, ಬಳಿಕ ಅಚ್ಚೊತ್ತುತ್ತಿದ್ದರಂತೆ. ಅದು ನಾಣ್ಯದ ಹುಟ್ಟು ಮಚ್ಚೆ, ಗಾಯವಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಅರ ಬಲ್ಲವಳು ಮನೆಯಲ್ಲೇ ಇದ್ದಳು, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನೆಟ್ಟಗೆ ನೋಡಲಿಲ್ಲ. ಆರ್ಡಿತ್ ಅತ್ತಳು, ಆಮೇಲೆ ಸಿಟ್ಟಾದಳು. ಎಲ್ವುಡ್‌ನ ಹೆಸರಿಗಂಟಿದ ಮಸಿಯನ್ನು ಅದೇ ಸಂಘದಲ್ಲಿ, ಮರ್ವಿನ್‌ನ ಅದೇ ಬಾಯಿಂದ ತೊಳೆಸಬೇಕು ಎಂದು ಹಟ ಹಿಡಿದಳು.

ಭಾನುವಾರ ಬೆಳಿಗ್ಗೆ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಸಂಘದವರ ನಾಣ್ಯದ ಸಂತೆ. ಒಂದು ಮೂಲೆಯಲ್ಲಿ ಹುರುಳಿಕಾಯಿ, ಹಂದಿಮಾಂಸದ ಸೂಪು ಕುದಿಯುತ್ತಿತ್ತು. ಆರ್ಡಿತ್ ನೇರ ಮರ್ವಿನ್‌ನ ಮೇಜಿಗೆ ಹೋದಳು.

"ಗೀರಮ್ಮನ್ನ ಮಾರೋಕ್ ಬಂದ್ಯಾ?" ಎಂದ ಮರ್ವಿನ್. "ಎಲ್ವುಡ್ ಮುಖ ನೋಡಿ ಸಾವಿರದ ಐನೂರು ಡಾಲರ್ ಕೊಡ್ತೀನಿ."

"ತಾಳು ಮಾರಾಯ. ಮೊದಲು ಇವೆರಡನ್ನ ನೋಡು." ಅವಳು ಎರಡು ಸೀಸದ ಬಿಲ್ಲೆ ಇಟ್ಟಳು. ಎರಡರಲ್ಲೂ ಉಬ್ಬಕ್ಷರವಿತ್ತು, ಎರಡರಲ್ಲೂ ಅರ ಆಡಿತ್ತು. ಮೂರು ದಿನ ಕೂತು ತಾನೇ ಅಚ್ಚು ಕೊರೆದು ಒತ್ತಿದ್ದಳು. "ಯಾವುದಕ್ಕೆ ಅರ ಮೊದಲು ಬಿದ್ದಿದೆ, ಹೇಳು."

ಸುತ್ತ ಜನ ಸೇರಿದರು. ಮರ್ವಿನ್ ಭೂತಗನ್ನಡಿ ತೆಗೆದ. "ಇದಕ್ಕೇ. ಇದ್ರಲ್ಲಿ ಸಾಲು ಅಕ್ಷರದ ಕೆಳಗೆ ಹೋಗಿದೆ. ಅದ್ರಲ್ಲಿ ಅಕ್ಷರದ ನೆತ್ತಿ ಬೋಳಾಗಿದೆ. ಇಷ್ಟೂ ಗೊತ್ತಿಲ್ದೆ ವ್ಯಾಪಾರ ಮಾಡ್ತೀನಾ?"

"ಗೊತ್ತಿದೆ ತಾನೆ? ಈಗ ಅದೇ ಕಣ್ಣಲ್ಲಿ ಇದನ್ನ ನೋಡು." ಡಾಲರನ್ನು ಅವನ ಅಂಗೈಯಲ್ಲಿಟ್ಟಳು.

ಮರ್ವಿನ್ ನೋಡಿದ. ದೀಪದ ಕೆಳಗೆ ತಿರುಗಿಸಿ ಇನ್ನೊಮ್ಮೆ ನೋಡಿದ. ಕಿವಿ ಕೆಂಪಗಾಯಿತು. "ಅಯ್ಯೋ ದೇವ್ರೆ. ಟಂಕಸಾಲೆ ಅರ."

"ಜೋರಾಗಿ ಹೇಳು. ಅವತ್ತು ಜೋರಾಗೇ ಹೇಳಿದ್ದೆ."

"ಇದು ಗೀರಲ್ಲ!" ಎಂದ ಮರ್ವಿನ್, ಎಲ್ಲರಿಗೂ ಕೇಳುವಂತೆ. "ನಾನು ತಮಾಷೆ ಮಾಡೋ ಭರದಲ್ಲಿ ಸರಿಯಾಗಿ ನೋಡ್ಲೇ ಇಲ್ಲ. ಎಲ್ವುಡ್ ಮೋಸ ಹೋಗಿಲ್ಲ. ಇಷ್ಟು ಹಳೇದು, ಯಾರೂ ಉಜ್ಜದೇ ಇರೋದು ಸಿಗೋದೇ ಅಪರೂಪ. ಆರ್ಡಿತ್, ನಾಲ್ಕು ಸಾವಿರದ ಇನ್ನೂರು. ಅರದ ಗುರುತಿಗೆ ಅಂತ ಸ್ವಲ್ಪ ಕಮ್ಮಿ ಹಿಡಿದಿದೀನಿ, ಅದು ನ್ಯಾಯ."

"ನ್ಯಾಯವೇ. ಕೊಡ್ತೀನಿ. ಆದ್ರೆ ಲಕೋಟೆ ಮೇಲೆ ನೀನೇ ಬರೀಬೇಕು."

ಹಳೆಯ ನಾಣ್ಯದ ಜೊತೆ ಅದರ ಲಕೋಟೆಯೂ ಕೈ ಬದಲಾಗುತ್ತದೆ. ಯಾರು ಯಾರು ಇಟ್ಟುಕೊಂಡಿದ್ದರು ಎಂಬ ಸಾಲು ಅದರ ಮೇಲಿರುತ್ತದೆ. ಮರ್ವಿನ್ ತನ್ನ ದಪ್ಪ ಅಕ್ಷರದಲ್ಲಿ ಬರೆದ: 'ಟಂಕಸಾಲೆಯ ಅರದ ಗುರುತು. ಎಂದೂ ಉಜ್ಜಿಲ್ಲ. ಎಲ್ವುಡ್ ಕಿಟ್ಸ್‌ಮಿಲ್ಲರ್ ಸಂಗ್ರಹ.' ಆಮೇಲೆ ಪೆನ್ನು ಎತ್ತಿ ಕೇಳಿದ, "ಅವನಾದ ಮೇಲೆ ನೀನು. ನಿನ್ನ ಹೆಸರೂ ಬರೀಲಾ?"

ಆರ್ಡಿತ್ ಲಕೋಟೆಯ ಮೇಲೆ ಬೆರಳಾಡಿಸಿದಳು.

"ಬೇಡ ಕಣೋ" ಎಂದಳು. "ಉಜ್ಜೋಕೆ ಚಕ್ರ ಹಾಕಿಟ್ಟಿದ್ದೆ ನಾನು. ಅವನೊಬ್ಬನ ಹೆಸರೇ ಇರ್ಲಿ."